ಆನೆ ಕೊಂಡವರು ಅಂಕುಶವನ್ನು ಮರೆಯಬಾರದು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪಟ್ಟಣಗಳಲ್ಲಿ ಹವಾನಿಯಂತ್ರಣ ಯಂತ್ರವು ಇಂದು ಕೇವಲ ಶ್ರೀಮಂತಿಕೆಯ ಕುರುಹಾಗಿ ಉಳಿದಿಲ್ಲ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಔಷಧ ಮಳಿಗೆ, ಬೇಕರಿ, ಅಕ್ಕಿ ಗಿರಣಿಯ ಕಚೇರಿ, ಅಂಗಡಿಯ ಮೇಲಿನ ಮಹಡಿಯಲ್ಲಿ ವಾಸಿಸುವ ವರ್ತಕರ ಮನೆ ಹೀಗೆ ಎಲ್ಲೆಡೆ ಅದು ಕಾಲಿರಿಸಿದೆ. ಬೇಸಿಗೆಯಲ್ಲಿ ಪಾದರಸವು 40 ಡಿಗ್ರಿಯನ್ನು ದಾಟುವ ಈ ಬಿಸಿಲ ನಾಡಿನಲ್ಲಿ ಇದು ಸಹಜವೇ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಈ ಯಂತ್ರಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇಕಡಾ 28ರಿಂದ 18ಕ್ಕೆ ಇಳಿದ ಮೇಲಂತೂ ಕೊಳ್ಳುವವರಿಗೆ ಇನ್ನಷ್ಟು ಅನುಕೂಲವಾಗಿದೆ.

ಯಂತ್ರವನ್ನು ಕೊಳ್ಳುವಾಗ ವರ್ತಕನು ತನ್ನ ವ್ಯವಹಾರ ಜ್ಞಾನವನ್ನೆಲ್ಲ ಉಪಯೋಗಿಸುತ್ತಾನೆ. ನಾಲ್ಕು ಅಂಗಡಿಗಳಲ್ಲಿ ದರ ವಿಚಾರಿಸುತ್ತಾನೆ, ನಕ್ಷತ್ರ ಚಿಹ್ನೆಗಳನ್ನು ಎಣಿಸುತ್ತಾನೆ, ಖಾತರಿಯ ವರ್ಷಗಳನ್ನು ಕೇಳುತ್ತಾನೆ, ಕೊನೆಗೆ ಐದುನೂರು ರೂಪಾಯಿ ಕಡಿಮೆ ಮಾಡಿಸಿಕೊಂಡೇ ಹಣ ಎಣಿಸುತ್ತಾನೆ. ಆದರೆ ಅದೇ ಯಂತ್ರವನ್ನು ಗೋಡೆಗೆ ಕೂರಿಸಿ ತಂತಿ ಜೋಡಿಸುವ ದಿನ ಆತ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಏಳುವುದಿಲ್ಲ. ಎರಡು ಬೇಸಿಗೆ ಕಳೆದು ಯಂತ್ರ ಕೈಕೊಟ್ಟಾಗ ದುರಸ್ತಿಗೆ ಬಂದವನು ಹೇಳುವ ಮಾತು ಈ ಭಾಗದ ಅಂಗಡಿಕಾರರಿಗೆ ಅಪರಿಚಿತವಲ್ಲ: ‘ಥರ್ಮೋಸ್ಟಾಟ್ ಹೋಗಿದೆ ಸಾಹುಕಾರ್ರೇ, ಸದ್ಯಕ್ಕೆ ಡೈರೆಕ್ಟ್ ಮಾಡಿದ್ದೇನೆ.’

ಯಂತ್ರ ಮತ್ತೆ ತಂಪು ಕೊಡತೊಡಗಿದ್ದರಿಂದ ಸಾಹುಕಾರರಿಗೂ ಸಮಾಧಾನವಾಗುತ್ತದೆ. ‘ಸದ್ಯಕ್ಕೆ’ ಎಂಬುದು ವರ್ಷವಾಗುತ್ತದೆ. ಆನೆಯನ್ನು ಕೊಂಡು ಅಂಕುಶವನ್ನು ಬಿಸಾಡಿದಂತಹ ಈ ವ್ಯವಹಾರದಿಂದ ಹಣ, ಸರಕು ಮತ್ತು ಕೆಲವೊಮ್ಮೆ ಪ್ರಾಣಗಳೂ ಅಪಾಯಕ್ಕೆ ಈಡಾಗುತ್ತವೆ ಎಂಬುದನ್ನು ವಾಣಿಜ್ಯೋದ್ಯಮಿಗಳು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಅಂಕುಶದ ಕೆಲಸ

ಥರ್ಮೋಸ್ಟಾಟ್ ಅಥವಾ ತಾಪನಿಯಂತ್ರಕದ ಕೆಲಸ ಸರಳವಾದುದು. ನಿಗದಿತ ಮಟ್ಟಕ್ಕೆ ತಂಪಾದೊಡನೆ ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ, ಸೆಕೆ ಏರಿದೊಡನೆ ಮತ್ತೆ ಚಾಲನೆ ಕೊಡುತ್ತದೆ. ಇನ್ವರ್ಟರ್ ಮಾದರಿಗಳಲ್ಲಿ ಪೂರ್ತಿ ನಿಲ್ಲಿಸುವ ಬದಲು ವೇಗವನ್ನು ತಗ್ಗಿಸಲಾಗುತ್ತದೆ. ಹಳೆಯ ಕಿಟಕಿ ಯಂತ್ರಗಳಲ್ಲಿ ಅನಿಲ ತುಂಬಿದ ಸಣ್ಣ ತಾಮ್ರದ ನಳಿಕೆಯೊಂದು ಉಷ್ಣತೆಗೆ ತಕ್ಕಂತೆ ಹಿಗ್ಗಿ ಕುಗ್ಗಿ ಈ ಕೆಲಸ ಮಾಡುತ್ತಿತ್ತು. ಇಂದಿನ ಯಂತ್ರಗಳಲ್ಲಿ ಕಡಲೆ ಕಾಳಿನಷ್ಟಿರುವ ಸೆನ್ಸರ್ ಉಷ್ಣತೆಯನ್ನು ಅರಿತು ಎಲೆಕ್ಟ್ರಾನಿಕ್ ಕಾರ್ಡಿಗೆ ತಿಳಿಸುತ್ತದೆ.

ಈ ಉಪಕರಣ ಹೊಸದಲ್ಲ. 1830ರಲ್ಲಿಯೇ ಆಂಡ್ರ್ಯೂ ಯೂರ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಎರಡು ಲೋಹಗಳ ಪಟ್ಟಿಯಿಂದ ಕೆಲಸ ಮಾಡುವ ತಾಪನಿಯಂತ್ರಕಕ್ಕೆ ಹಕ್ಕುಪತ್ರ ಪಡೆದಿದ್ದನು. 1883ರಲ್ಲಿ ಅಮೆರಿಕೆಯ ಶಿಕ್ಷಕ ವಾರೆನ್ ಜಾನ್ಸನ್ ಕೋಣೆಯ ಉಷ್ಣತೆಯನ್ನು ಅರಿಯುವ ವಿದ್ಯುತ್ ಉಪಕರಣಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿನ ಚಳಿದೇಶದ ಮನೆಗಳಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಕುಲುಮೆಗೂ ತಂಪುಗೊಳಿಸುವ ಯಂತ್ರಕ್ಕೂ ಗೋಡೆಯ ಮೇಲಿನ ಒಂದೇ ಥರ್ಮೋಸ್ಟಾಟ್ ಅಪ್ಪಣೆ ಕೊಡುತ್ತದೆ. ಕೊಪ್ಪಳ ಜಿಲ್ಲೆಯ ಮನೆಗಳಿಗೆ ಅಂತಹ ಕುಲುಮೆಯ ಅಗತ್ಯವಿಲ್ಲ. ಇಲ್ಲಿ ಶಾಖದ ಕಡೆಯಿಂದ ಥರ್ಮೋಸ್ಟಾಟ್ ಇರುವುದು ಸ್ನಾನದ ಮನೆಯ ಗೀಸರಿನಲ್ಲಿ, ಬೇಕರಿಯ ವಿದ್ಯುತ್ ಒಲೆಯಲ್ಲಿ, ಕೋಳಿ ಮರಿಗಳನ್ನು ಮೊದಲ ವಾರ 32ರಿಂದ 35 ಡಿಗ್ರಿಯಲ್ಲಿ ಕಾಪಾಡುವ ಶೆಡ್ಡಿನಲ್ಲಿ. ತಂಪಿನ ಕಡೆಯಿಂದ ಅಂಗಡಿ, ಮನೆ ಮತ್ತು ಶೀತಲ ಕೊಠಡಿಗಳಲ್ಲಿ. ಎಲ್ಲ ಕಡೆಯೂ ತತ್ವ ಒಂದೇ, ತಪ್ಪುಗಳೂ ಬಹುಮಟ್ಟಿಗೆ ಒಂದೇ.

ನೆಲಕ್ಕೆ ತಕ್ಕ ಜೋಡಣೆ

ನಾಲ್ಕು ಪಟ್ಟಣಗಳ ನಡುವೆ ದೂರ ಹೆಚ್ಚಿಲ್ಲದಿದ್ದರೂ ನೆಲ ಮತ್ತು ಗಾಳಿಯ ಗುಣ ಬೇರೆಬೇರೆಯಾಗಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯು ಭತ್ತದ ನಾಡು. ಅಕ್ಕಿ ಗಿರಣಿಗಳ ಸುತ್ತ ತವುಡಿನ ನವಿರಾದ ದೂಳು ಸದಾ ಹಾರುತ್ತಿರುತ್ತದೆ. ಈ ದೂಳು ಯಂತ್ರದ ಜಾಲರಿಯನ್ನು ಮುಚ್ಚುವುದಲ್ಲದೆ ಸೆನ್ಸರಿನ ಮೇಲೆಯೂ ಪದರವಾಗಿ ಕೂಡುತ್ತದೆ. ದೂಳು ಹೊದ್ದ ಸೆನ್ಸರ್ ಕೋಣೆಯ ಉಷ್ಣತೆಯನ್ನು ತಡವಾಗಿ ಅರಿಯುತ್ತದೆ. ಗಿರಣಿಯ ಕಚೇರಿಯಲ್ಲಿ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ತೊಳೆಯದಿದ್ದರೆ ಎಷ್ಟು ನಕ್ಷತ್ರಗಳ ಯಂತ್ರವಾದರೂ ವ್ಯರ್ಥವೇ ಸರಿ.

ಕುಷ್ಟಗಿ ಮತ್ತು ಯಲಬುರ್ಗಾ ಒಣಭೂಮಿಯ ಸೀಮೆ. ಇಲ್ಲಿನ ಬೇಸಿಗೆಯ ಗಾಳಿ ಶುಷ್ಕವಾಗಿರುವುದರಿಂದ ನೀರಿನ ಏರ್ ಕೂಲರ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಎಲ್ಲ ಅಂಗಡಿಗೂ ಹವಾನಿಯಂತ್ರಣ ಯಂತ್ರವೇ ಬೇಕೆಂಬುದಿಲ್ಲ. ಬಾಗಿಲು ದಿನವಿಡೀ ತೆರೆದಿರುವ ಕಿರಾಣಿ ಅಂಗಡಿಗೆ ಅದು ಸಲ್ಲದು. ಯಂತ್ರವನ್ನು ಹಾಕಿಸಿದವರು ಗಮನಿಸಬೇಕಾದುದು ಅರ್ಥಿಂಗ್. ಒಣನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿಯ ತೇವವು ಏಪ್ರಿಲ್ ಹೊತ್ತಿಗೆ ಆರಿಹೋಗುತ್ತದೆ. ತೇವ ಆರಿದ ಗುಂಡಿಯು ಸೋರುವ ವಿದ್ಯುತ್ತನ್ನು ನೆಲಕ್ಕೆ ಸರಿಯಾಗಿ ಇಳಿಸಲಾರದು. ಯಂತ್ರವು ಹೆಚ್ಚು ದುಡಿಯುವ ತಿಂಗಳಿನಲ್ಲಿಯೇ ಅದರ ರಕ್ಷಣೆ ದುರ್ಬಲವಾಗುತ್ತದೆ. ಗುಂಡಿಗೆ ನೀರುಣಿಸುವುದು ಮತ್ತು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿಯೇ ಪರೀಕ್ಷೆ ಮಾಡಿಸುವುದು ಅವಶ್ಯಕ.

ಜಿಲ್ಲಾ ಕೇಂದ್ರವಾದ ಕೊಪ್ಪಳದಲ್ಲಿ ಸಮಸ್ಯೆಯ ರೂಪ ಬೇರೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ನಂತರ ಇಲ್ಲಿ ಹಳೆಯ ಅಂಗಡಿ ಸಾಲುಗಳ ಮಗ್ಗುಲಲ್ಲಿಯೇ ಹೊಸ ವಾಣಿಜ್ಯ ಕಟ್ಟಡಗಳು ಎದ್ದಿವೆ. ಎರಡು ದೀಪ, ಒಂದು ಪಂಖಕ್ಕೆಂದು ತಂತಿ ಎಳೆದ ಹಳೆಯ ಅಂಗಡಿಗೆ ಒಂದೂವರೆ ಟನ್ನಿನ ಯಂತ್ರವನ್ನು ಅದೇ ತಂತಿಯಲ್ಲಿ ಸೇರಿಸಿದರೆ ತಂತಿ ಕಾಯುತ್ತದೆ, ನಿರೋಧಕ ಹೊದಿಕೆ ಒಣಗಿ ಬಿರಿಯುತ್ತದೆ. ಇಂತಹ ಯಂತ್ರಕ್ಕೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾದ ತಾಮ್ರದ ತಂತಿ, ಪ್ರತ್ಯೇಕ ಎಂಸಿಬಿ ಇರಬೇಕು. ಜೆಸ್ಕಾಂನಿಂದ ಮಂಜೂರಾದ ಲೋಡಿನ ಮಿತಿಯನ್ನು ಮೀರುವುದಾದರೆ ಮೊದಲೇ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ತಂತಿಯಲ್ಲಿ ಅಡಗಿದ ತಪ್ಪುಗಳು

ತಾಂತ್ರಿಕ ವಿಷಯ ವರ್ತಕರಿಗೆ ಏಕೆ ಎಂಬ ಪ್ರಶ್ನೆ ಬರಬಹುದು. ತೂಕದ ಯಂತ್ರದ ಒಳಭಾಗ ತಿಳಿಯದಿದ್ದರೂ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಪ್ರತಿಯೊಬ್ಬ ವರ್ತಕನೂ ನೋಡುತ್ತಾನೆ. ಅಷ್ಟೇ ಮಟ್ಟಿಗೆ ಕೆಳಗಿನ ಸಂಗತಿಗಳನ್ನು ನೋಡಿಕೊಂಡರೆ ಸಾಕು.

ಮೊದಲನೆಯದು ಸ್ಥಳ. ಗೋಡೆಯ ಮೇಲೆ ಪ್ರತ್ಯೇಕವಾಗಿ ಕೂರಿಸುವ ಥರ್ಮೋಸ್ಟಾಟ್ ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿ, ಒಳಗೋಡೆಯ ಮೇಲೆ ಇರಬೇಕು. ಪಶ್ಚಿಮದ ಬಿಸಿಲು ಬೀಳುವ ಗೋಡೆ, ಬಾಗಿಲ ಪಕ್ಕ, ಫ್ರಿಜ್ ಅಥವಾ ಪ್ರದರ್ಶನ ದೀಪಗಳ ಹತ್ತಿರ, ತಂಪು ಗಾಳಿ ನೇರವಾಗಿ ಬೀಸುವ ಜಾಗ ಇವೆಲ್ಲ ವರ್ಜ್ಯ. ತಂತಿ ಬರುವ ಗೋಡೆಯ ರಂಧ್ರವನ್ನು ಮುಚ್ಚದೆ ಬಿಟ್ಟರೆ ಹೊರಗಿನ ಬಿಸಿಗಾಳಿ ಅದರ ಬೆನ್ನಿಗೆ ತಾಗುತ್ತದೆ. ಆಗ ಕೋಣೆ ತಣ್ಣಗಾಗಿದ್ದರೂ ಅದು ‘ಇನ್ನೂ ಸೆಕೆ ಇದೆ’ ಎಂದೇ ತಿಳಿಯುತ್ತದೆ. ಸ್ಪ್ಲಿಟ್ ಯಂತ್ರಗಳಲ್ಲಿ ಸೆನ್ಸರ್ ಒಳಘಟಕದಲ್ಲಿಯೇ ಇರುವುದರಿಂದ ಆ ಘಟಕವನ್ನು ಕೂರಿಸುವ ಜಾಗವೇ ಸೆನ್ಸರಿನ ಜಾಗವಾಗುತ್ತದೆ. ಕಾದ ಶಟರಿನ ಪೆಟ್ಟಿಗೆಯ ಪಕ್ಕದಲ್ಲಿ, ಛಾವಣಿಗೆ ಒತ್ತಿ ಕೂರಿಸಿದ ಘಟಕವು ಕೋಣೆಯ ಸ್ಥಿತಿಯನ್ನು ಸರಿಯಾಗಿ ಅರಿಯಲಾರದು.

ಎರಡನೆಯದು ಫೇಸ್ ಮತ್ತು ನ್ಯೂಟ್ರಲ್. ನೇರವಾಗಿ 230 ವೋಲ್ಟಿನಲ್ಲಿ ಕೆಲಸ ಮಾಡುವ ಥರ್ಮೋಸ್ಟಾಟ್ ಫೇಸ್ ತಂತಿಯನ್ನು ಕಡಿಯಬೇಕೇ ಹೊರತು ನ್ಯೂಟ್ರಲನ್ನಲ್ಲ. ನ್ಯೂಟ್ರಲ್ ಕಡಿದರೂ ಯಂತ್ರ ನಿಲ್ಲುತ್ತದೆ. ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ನಿಂತ ಯಂತ್ರದೊಳಗೆ ವಿದ್ಯುತ್ ಜೀವಂತವಾಗಿಯೇ ಇರುತ್ತದೆ. ಅದನ್ನು ಒರೆಸಲು ಹೋದ ಕೆಲಸದ ಹುಡುಗನು ಈ ತಪ್ಪಿನ ಬೆಲೆ ತೆರಬೇಕಾಗುತ್ತದೆ. ಟೆಸ್ಟರ್ ಹಿಡಿದು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುವ ವಿಷಯವಿದು.

ಮೂರನೆಯದು ಕಾಂಟ್ಯಾಕ್ಟರ್. ಶೀತಲ ಕೊಠಡಿಗಳಲ್ಲಿ ಬಳಸುವ ಸಣ್ಣ ಡಿಜಿಟಲ್ ನಿಯಂತ್ರಕದ ಒಳಗಿನ ರಿಲೇಗೆ ದೊಡ್ಡ ಕಂಪ್ರೆಸರಿನ ಭಾರ ಹೊರುವ ಶಕ್ತಿಯಿಲ್ಲ. ಕಂಪ್ರೆಸರ್ ಆರಂಭವಾಗುವ ಕ್ಷಣದಲ್ಲಿ ವಾಡಿಕೆಯ ವಿದ್ಯುತ್ತಿನ ಐದಾರು ಪಟ್ಟು ಎಳೆಯುತ್ತದೆ. ನಿಯಂತ್ರಕವು ಕಾಂಟ್ಯಾಕ್ಟರಿಗೆ ಸನ್ನೆ ಕೊಡಬೇಕು, ಕಾಂಟ್ಯಾಕ್ಟರ್ ಕಂಪ್ರೆಸರಿಗೆ ವಿದ್ಯುತ್ ಕೊಡಬೇಕು. ಒಂದೆರಡು ಸಾವಿರ ರೂಪಾಯಿ ಉಳಿಸಲೆಂದು ಕಾಂಟ್ಯಾಕ್ಟರನ್ನು ಬಿಟ್ಟುಬಿಟ್ಟರೆ ರಿಲೇಯ ಬಿಂದುಗಳು ಕಾದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂದಿನಿಂದ ಯಂತ್ರವು ಯಾರೂ ಹೇಳದೆಯೇ ‘ಡೈರೆಕ್ಟ್’ ಆಗುತ್ತದೆ. ಸೆನ್ಸರಿನ ಸಣ್ಣ ತಂತಿಯನ್ನು ವಿದ್ಯುತ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆದರೆ ತೋರುವ ಅಂಕಿಗಳೂ ಏರುಪೇರಾಗಬಹುದು.

ನಾಲ್ಕನೆಯದು ವಿಳಂಬ. ಕರೆಂಟು ಹೋಗಿ ಕ್ಷಣದಲ್ಲಿ ಮರಳಿದಾಗ ಕಂಪ್ರೆಸರ್ ಕೂಡಲೇ ಆರಂಭವಾಗಬಾರದು. ಒಳಗಿನ ಅನಿಲದ ಒತ್ತಡ ಸಮವಾಗಲು ಸುಮಾರು ಮೂರು ನಿಮಿಷ ಬೇಕು. ಆಧುನಿಕ ಯಂತ್ರಗಳಲ್ಲಿ ಈ ವ್ಯವಸ್ಥೆ ಒಳಗೇ ಇರುತ್ತದೆ. ಹಳೆಯ ಯಂತ್ರವಾಗಲಿ, ಸ್ಥಳೀಯವಾಗಿ ಜೋಡಿಸಿದ ಶೀತಲ ಕೊಠಡಿಯಾಗಲಿ ಇದ್ದರೆ ವಿಳಂಬ ಸೌಲಭ್ಯದ ನಿಯಂತ್ರಕ ಅಥವಾ ಸ್ಟೆಬಿಲೈಜರ್ ಇರಲೇಬೇಕು.

ಇವುಗಳ ಜೊತೆಗೆ ಹೊಸ ಅಪಾಯವೊಂದು ಸೇರಿದೆ. ಅಮೆರಿಕೆಯ ಮನೆಗಳಿಗೆಂದು ತಯಾರಾದ ಥರ್ಮೋಸ್ಟಾಟ್‌ಗಳು 24 ವೋಲ್ಟಿನಲ್ಲಿ ಕೆಲಸ ಮಾಡುವಂಥವು. ಅಂದವಾಗಿ ಕಾಣುತ್ತದೆಂದು ಆನ್‌ಲೈನಿನಲ್ಲಿ ತರಿಸಿ ನೇರವಾಗಿ ಇಲ್ಲಿನ 230 ವೋಲ್ಟಿಗೆ ಜೋಡಿಸಿದರೆ ಅದು ಸುಟ್ಟುಹೋಗುವುದು ನಿಶ್ಚಿತ. ಪೆಟ್ಟಿಗೆಯ ಮೇಲೆ ನಮೂದಿಸಿದ ವೋಲ್ಟೇಜನ್ನು ಓದದೆ ಯಾವ ನಿಯಂತ್ರಕವನ್ನೂ ಕೊಳ್ಳಬಾರದು.

ಗೀಸರಿನ ವಿಷಯದಲ್ಲಿ ‘ಡೈರೆಕ್ಟ್’ ಎಂಬ ಮಾತು ಮನೆಯೊಳಗೆ ಬರಲೇಕೂಡದು. ಅದರಲ್ಲಿ ಥರ್ಮೋಸ್ಟಾಟ್ ಜೊತೆಗೆ ಅತಿತಾಪವನ್ನು ತಡೆಯುವ ಮತ್ತೊಂದು ಸ್ವಿಚ್ಚೂ ಒತ್ತಡ ಬಿಡುವ ಕವಾಟವೂ ಇರುತ್ತವೆ. ಸ್ವಿಚ್ಚುಗಳೆರಡನ್ನೂ ತಪ್ಪಿಸಿ ತಂತಿ ಕೂಡಿಸಿದರೆ ನೀರು ಕುದಿಯುತ್ತಲೇ ಹೋಗುತ್ತದೆ. ಕವಾಟವೂ ಕಟ್ಟಿಕೊಂಡಿದ್ದರೆ ತೊಟ್ಟಿಯೇ ಸಿಡಿಯುತ್ತದೆ.

ಲೆಕ್ಕದ ಪುಸ್ತಕದಲ್ಲಿ

ವರ್ತಕರಿಗೆ ಒಪ್ಪಿಗೆಯಾಗುವುದು ಲೆಕ್ಕವೇ ಆದ್ದರಿಂದ ಒಂದು ಉದಾಹರಣೆಯನ್ನು ನೋಡಬಹುದು. ಸಾಮಾನ್ಯ ಮಾದರಿಯ ಒಂದೂವರೆ ಟನ್ನಿನ ಯಂತ್ರದ ಕಂಪ್ರೆಸರ್ ಓಡುವಾಗ ಗಂಟೆಗೆ ಒಂದೂವರೆ ಯೂನಿಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ಅಂಗಡಿಯು ದಿನಕ್ಕೆ 10 ಗಂಟೆ ತೆರೆದಿರುತ್ತದೆ. ಥರ್ಮೋಸ್ಟಾಟ್ ಸರಿಯಾಗಿದ್ದು ಕಂಪ್ರೆಸರ್ ಆ ಅವಧಿಯ ಶೇಕಡಾ 60ರಷ್ಟು ಮಾತ್ರ ಓಡಿದರೆ ದಿನದ ಬಳಕೆ 9 ಯೂನಿಟ್. ಅದು ಕೆಟ್ಟು ಶೇಕಡಾ 90ರಷ್ಟು ಓಡಿದರೆ 13.5 ಯೂನಿಟ್. ವ್ಯತ್ಯಾಸ ದಿನಕ್ಕೆ 4.5 ಯೂನಿಟ್, 120 ದಿನಗಳ ಬೇಸಿಗೆಗೆ 540 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ 4,320 ರೂಪಾಯಿ. ಕೊಳ್ಳುವ ದಿನ ಚೌಕಾಸಿ ಮಾಡಿ ಉಳಿಸಿದ ಐದುನೂರು ರೂಪಾಯಿಯು ಮೊದಲ ತಿಂಗಳಲ್ಲಿಯೇ ಕರಗಿಹೋಗುತ್ತದೆ. ವಿರಾಮವಿಲ್ಲದೆ ಓಡಿದ ಕಂಪ್ರೆಸರ್ ಬೇಗ ಸವೆಯುವ ನಷ್ಟ ಇದರಲ್ಲಿ ಸೇರಿಲ್ಲ.

ನಿಗದಿಪಡಿಸುವ ಅಂಕಿಯೂ ಮುಖ್ಯ. ಉಷ್ಣತೆಯ ಅಂಕಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ನಕ್ಷತ್ರ ಚಿಹ್ನೆಯ ಕೋಣೆ ಯಂತ್ರಗಳು ಆರಂಭದಲ್ಲಿ 24 ಡಿಗ್ರಿಗೆ ನಿಗದಿಯಾಗಿರಬೇಕೆಂಬ ನಿಯಮವು 2020ರ ಜನವರಿಯಿಂದ ಜಾರಿಗೆ ಬಂದಿತು. ಉಷ್ಣತೆಯ ಆಯ್ಕೆಯನ್ನು 20ರಿಂದ 28 ಡಿಗ್ರಿಯ ನಡುವೆ ಸೀಮಿತಗೊಳಿಸುವ ಪ್ರಸ್ತಾವವನ್ನೂ ಕೇಂದ್ರ ಇಂಧನ ಸಚಿವರು 2025ರ ಜೂನ್‌ನಲ್ಲಿ ಪ್ರಕಟಿಸಿದರು. ಆದರೆ ಥರ್ಮೋಸ್ಟಾಟ್ ಸತ್ತಿರುವ ಯಂತ್ರಕ್ಕೆ 18 ಆದರೇನು, 24 ಆದರೇನು? ರಿಮೋಟಿನಲ್ಲಿ ಕಾಣುವ ಅಂಕಿ ಅಲಂಕಾರ ಮಾತ್ರವಾಗುತ್ತದೆ.

ಸರಕು ಇಟ್ಟವರ ಪಾಡು

ಅಂಗಡಿಯಲ್ಲಿ ಎರಡು ಡಿಗ್ರಿ ತಪ್ಪಿದರೆ ಗಿರಾಕಿ ಬೆವರುತ್ತಾನೆ, ಅಷ್ಟೆ. ಶೀತಲ ಕೊಠಡಿಯಲ್ಲಿ ಎರಡು ಡಿಗ್ರಿ ತಪ್ಪಿದರೆ ಸರಕೇ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ರೈತರು ಕಷ್ಟಪಟ್ಟು ಬೆಳೆದ ದಾಳಿಂಬೆಯನ್ನು 5ರಿಂದ 7 ಡಿಗ್ರಿಯಲ್ಲಿ ಇಡಬೇಕಾಗುತ್ತದೆ. 5ಕ್ಕಿಂತ ಕೆಳಗೆ ಬಹುಕಾಲ ಇಟ್ಟರೆ ಸಿಪ್ಪೆ ಕಂದಿ, ಒಳಗಿನ ಕಾಳು ಬಣ್ಣಗೆಡುತ್ತದೆ. ಮೇಲೆ ಹೋದರೆ ಕೊಳೆ ಹತ್ತುತ್ತದೆ. ದ್ರಾಕ್ಷಿಗಾದರೋ ಸೊನ್ನೆಯ ಆಸುಪಾಸಿನ ತಂಪು ಬೇಕು. ಎರಡೂ ಹಣ್ಣುಗಳನ್ನು ಒಂದೇ ಕೊಠಡಿಯಲ್ಲಿ ಒಂದೇ ಅಂಕಿಗೆ ಇಟ್ಟರೆ ಒಂದಕ್ಕೆ ನಷ್ಟ ತಪ್ಪದು. ಔಷಧ ವರ್ತಕರಿಗೂ ಇದೇ ಮಾತು ಅನ್ವಯಿಸುತ್ತದೆ. ಇನ್ಸುಲಿನ್ ದಾಸ್ತಾನು 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಹೆಪ್ಪುಗಟ್ಟಿದರೂ ಕಾದರೂ ಅದು ಗುಣ ಕಳೆದುಕೊಳ್ಳುತ್ತದೆ. ಹೊರನೋಟಕ್ಕೆ ಸೀಸೆ ಮೊದಲಿನಂತೆಯೇ ಕಾಣುವುದರಿಂದ ವರ್ತಕನ ತಪ್ಪನ್ನು ರೋಗಿಯ ದೇಹ ಅನುಭವಿಸುತ್ತದೆ. ಆದುದರಿಂದ ಸರಕು ಇಡುವ ಪ್ರತಿಯೊಂದು ಕೊಠಡಿಯಲ್ಲಿ ನಿಯಂತ್ರಕದ ಅಂಕಿಯನ್ನೇ ನಂಬದೆ ಬೇರೊಂದು ಉಷ್ಣಮಾಪಕವನ್ನು ಇರಿಸಿ, ದಿನಕ್ಕೆ ಎರಡು ಬಾರಿ ಬರೆದಿಡುವುದು ಒಳ್ಳೆಯದು.

ತಪ್ಪು ಯಾರದು?

ಎಲ್ಲ ದೋಷವನ್ನೂ ಮೆಕ್ಯಾನಿಕ್ಕುಗಳ ಮೇಲೆ ಹೊರಿಸುವುದು ಸುಲಭ, ಆದರೆ ನ್ಯಾಯವಲ್ಲ. ‘ಅಳವಡಿಕೆ ಉಚಿತ’ ಎಂಬ ಘೋಷಣೆಯಲ್ಲಿ ಉಚಿತವಾಗಿರುವುದು ಯಾರ ದುಡಿಮೆ ಎಂಬುದನ್ನು ಯೋಚಿಸಬೇಕು. ಒಂದು ಯಂತ್ರಕ್ಕೆ ಇಷ್ಟು ಎಂದು ಅಲ್ಪ ಕೂಲಿ ಪಡೆಯುವ ತರುಣನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ದಿನಕ್ಕೆ ನಾಲ್ಕೈದು ಯಂತ್ರಗಳನ್ನು ಕೂರಿಸಿದರೆ ಮಾತ್ರ ಆತನ ಮನೆ ನಡೆಯುತ್ತದೆ. ಆತನಿಗೆ ಅರ್ಥಿಂಗ್ ಪರೀಕ್ಷಿಸಲು ಸಮಯವಿಲ್ಲ. ಸರಿಯಾದ ಬಿಡಿಭಾಗಕ್ಕಾಗಿ ಹುಬ್ಬಳ್ಳಿಗೋ ಹೊಸಪೇಟೆಗೋ ಹೋಗಿ ಬರುವ ಖರ್ಚನ್ನು ಕೊಡುವವರೂ ಇಲ್ಲ. ‘ಇವತ್ತೇ ತಂಪಾಗಬೇಕು’ ಎಂದು ಒತ್ತಾಯಿಸುವವನು ಅಂಗಡಿಯ ಮಾಲೀಕನೇ. ಹಾಗಿರುವಾಗ ‘ಡೈರೆಕ್ಟ್’ ಮಾಡಿಸಿದವನೂ ಆತನೇ ಎನ್ನಬೇಕಾಗುತ್ತದೆ.

ಸಣ್ಣ ವ್ಯಾಪಾರಿಗೆ ಇಷ್ಟೆಲ್ಲ ಖರ್ಚು ಹೊರೆಯಾಗುವುದಿಲ್ಲವೇ ಎಂಬ ಆಕ್ಷೇಪವೂ ನ್ಯಾಯವಾದುದೇ. ಆದರೆ ಮೇಲೆ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವು ಜೋಡಿಸುವ ದಿನವೇ ಸರಿಮಾಡಿದರೆ ಬಿಡಿಗಾಸಿನವು. ಸರಿಯಾದ ಗೋಡೆಯನ್ನು ಆರಿಸಲು ಹಣ ಬೇಕಿಲ್ಲ. ಫೇಸ್ ತಂತಿಯನ್ನು ಗುರುತಿಸಲು ಹಣ ಬೇಕಿಲ್ಲ. ಬೇಕಾದುದು ಒಂದು ಗಂಟೆ ಹೆಚ್ಚಿನ ಸಮಯ, ಮತ್ತು ಆ ಸಮಯಕ್ಕೆ ಕೂಲಿ.

ಮಾಡಬೇಕಾದ ಕಾರ್ಯ

ಈ ನಿಟ್ಟಿನಲ್ಲಿ ಮೂರು ಕ್ರಮಗಳು ಅಪೇಕ್ಷಣೀಯ. ಮೊದಲನೆಯದಾಗಿ, ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಲ್ಲಿ ಪರವಾನಗಿ ಪಡೆದ ಗುತ್ತಿಗೆದಾರರು ಮತ್ತು ಪರ್ಮಿಟ್ ಹೊಂದಿದ ವೈರ್‌ಮನ್‌ಗಳಿಂದಲೇ ತಂತಿಯ ಕೆಲಸ ಮಾಡಿಸುವ ಪದ್ಧತಿಯನ್ನು ವರ್ತಕರು ಬೆಳೆಸಿಕೊಳ್ಳಬೇಕು. ನಾಲ್ಕೂ ಪಟ್ಟಣಗಳಲ್ಲಿ ಲಭ್ಯವಿರುವ ಇಂಥವರ ಪಟ್ಟಿಯನ್ನು ವಾಣಿಜ್ಯ ಸಂಸ್ಥೆಗಳು ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು. ನ್ಯಾಯವಾದ ಕೂಲಿಯ ದರವನ್ನು ಅವರೊಡನೆ ಕುಳಿತು ಚರ್ಚಿಸಲೂಬಹುದು.

ಎರಡನೆಯದಾಗಿ, ಅಳವಡಿಕೆ ಮುಗಿದ ದಿನ ಒಂದು ಪುಟದ ಹಸ್ತಾಂತರ ಪತ್ರ ಇರಬೇಕು. ಅದರಲ್ಲಿ ತಂತಿಯ ಗಾತ್ರ, ಎಂಸಿಬಿ, ಅರ್ಥಿಂಗ್ ಪರೀಕ್ಷೆಯ ಅಂಕಿ, ಸೆನ್ಸರಿನ ಸ್ಥಳ, ನಿಗದಿಪಡಿಸಿದ ಉಷ್ಣತೆ ಮತ್ತು ಯಂತ್ರವು ಆ ಅಂಕಿಗೆ ಬಂದಾಗ ತಾನಾಗಿ ನಿಂತಿತೇ ಅಥವಾ ವೇಗ ತಗ್ಗಿಸಿತೇ ಎಂಬ ವಿವರವಿರಬೇಕು. ದುರಸ್ತಿಯಲ್ಲಿ ಏನನ್ನಾದರೂ ತಾತ್ಕಾಲಿಕವಾಗಿ ತಪ್ಪಿಸಿದ್ದರೆ ಅದನ್ನೂ, ಸರಿಪಡಿಸುವ ದಿನಾಂಕವನ್ನೂ ಬರೆಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಸಾಮಾನ್ಯವಾಗಿ ಗ್ರಾಹಕರೆಂದು ಎಣಿಸುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವರಿಗೆ ಮಾತ್ರ ಅದರಲ್ಲಿ ವಿನಾಯಿತಿಯಿದೆ. ಆದುದರಿಂದ ವರ್ತಕನಿಗೆ ಬಾಯಿಮಾತಿಗಿಂತ ಬರೆದ ಕಾಗದವೇ ಆಧಾರ.

ಮೂರನೆಯದಾಗಿ, ಶೀತಲೀಕರಣ ಮತ್ತು ಹವಾನಿಯಂತ್ರಣ ವಿಷಯದಲ್ಲಿ ಎರಡು ವರ್ಷಗಳ ಐಟಿಐ ಶಿಕ್ಷಣ ಪಡೆದ ತರುಣರನ್ನು ಊರಿನಲ್ಲಿಯೇ ಉಳಿಸಿಕೊಳ್ಳುವ ಪ್ರಯತ್ನವಾಗಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ಚೌಕಟ್ಟಿನಲ್ಲಿ ಯಂತ್ರ ಮಾರಾಟಗಾರರು, ಗಿರಣಿ ಮಾಲೀಕರು ಮತ್ತು ಶೀತಲ ಕೊಠಡಿಗಳ ಮಾಲೀಕರು ಇಂತಹವರಿಗೆ ಅವಕಾಶ ಕೊಟ್ಟರೆ ಊರಿಗೆ ಕೆಲಸಗಾರರೂ ತರುಣರಿಗೆ ಅನ್ನವೂ ದೊರೆಯುತ್ತವೆ. ಕೆಲಸ ಬಲ್ಲವನು ಬೆಂಗಳೂರಿಗೆ ಹೋದ ಮೇಲೆ ಅರೆಬರೆ ಕಲಿತವನ ಕೈಯಲ್ಲಿ ಯಂತ್ರ ಕೊಟ್ಟು ಗೊಣಗುವುದರಿಂದ ಪ್ರಯೋಜನವಿಲ್ಲ.

ಬರುವ ಬೇಸಿಗೆಗೆ ಮುನ್ನ ಪ್ರತಿಯೊಬ್ಬ ವರ್ತಕನೂ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಬಾಗಿಲು ಮುಚ್ಚಿ ಯಂತ್ರವನ್ನು 26 ಡಿಗ್ರಿಗೆ ಇಟ್ಟು, ಒಂದು ಗಂಟೆಯ ಅವಧಿಯಲ್ಲಿ ಹೊರಘಟಕದ ಸದ್ದನ್ನು ಆಗಾಗ ಆಲಿಸಬೇಕು. ಕೋಣೆ ತಣ್ಣಗಾದ ಮೇಲೆ ಆ ಸದ್ದು ನಿಂತರೆ ಅಥವಾ ತಗ್ಗಿದರೆ ಅಂಕುಶ ಇದೆ ಎಂದು ಅರ್ಥ. ಒಳಗೆ ಚಳಿ ಹಿಡಿಯುವಂತಾದರೂ ಸದ್ದು ಎಳ್ಳಷ್ಟೂ ತಗ್ಗದಿದ್ದರೆ, ಆ ಅಂಗಡಿಯಲ್ಲಿ ಯಾವಾಗಲೋ ಯಾರೋ ‘ಸದ್ಯಕ್ಕೆ’ ಮಾಡಿಹೋದ ಕೆಲಸ ಇನ್ನೂ ಹಾಗೆಯೇ ಉಳಿದಿರಬಹುದು. ಅಂಥವರು ಮಾರನೆಯ ದಿನವೇ ಬಲ್ಲವರನ್ನು ಕರೆಸುವುದು ಲೇಸು.